ಮಾಮಲ್ಲನ ಊರಿನಲ್ಲಿ ನಾಲ್ಕು ದಿನ

ನಾನು ಬಾದಾಮಿಯವನು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಆಡಿ ಬೆಳೆದವನು. ಶಾಲೆಯಲ್ಲಿ ನಮ್ಮ ತಲೆಗೆ ಹೋಗಿದ್ದು ಇಷ್ಟೇ: ಇಮ್ಮಡಿ ಪುಲಿಕೇಶಿ ನಮ್ಮವನು. ಸುಮಾರು 642ರಲ್ಲಿ ಅವನನ್ನು ಸೋಲಿಸಿ ಊರನ್ನು ಹಾಳು ಮಾಡಿದ ಪಲ್ಲವ ನರಸಿಂಹವರ್ಮ ಶತ್ರು. ಆ ನರಸಿಂಹವರ್ಮನ ಬಿರುದೇ ಮಾಮಲ್ಲ. ನಾವು ಮಹಾಬಲಿಪುರಂ ಅನ್ನುವ ಮಾಮಲ್ಲಪುರಕ್ಕೆ ಹೆಸರು ಬಂದಿದ್ದು ಅವನಿಂದ.

ಈ ಫೆಬ್ರವರಿಯಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಅಲ್ಲಿಗೆ ಹೋದೆ, ಸರ್ಫಿಂಗ್ ಕಲಿಯಲು. ಗೆಳೆಯರು ಮುಲ್ಕಿಗೆ ಹೋಗು ಅಂದಿದ್ದರು. ನನಗೆ ಅಲೆಯ ಜೊತೆ ಕಲ್ಲೂ ಬೇಕಿತ್ತು. ಚೆನ್ನೈವರೆಗೆ ರಾತ್ರಿ ರೈಲು, ಅಲ್ಲಿಂದ ಸಮುದ್ರದ ಪಕ್ಕದ ರಸ್ತೆಯಲ್ಲಿ ಬಸ್ಸು. ಕುಪ್ಪ ಅನ್ನುವ ಮೀನುಗಾರರ ಕೇರಿಯ ಹತ್ತಿರ ಒಂದು ಸಣ್ಣ ರೂಮು ಸಿಕ್ಕಿತು.

ಕಲಿಸಿದವನು ಅದೇ ಕುಪ್ಪದ ಹುಡುಗ. ಅವನ ತಾತ ಕಟ್ಟುಮರದಲ್ಲಿ ಮೀನು ಹಿಡಿಯುತ್ತಿದ್ದರಂತೆ. ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ್ದೇ ಕಟ್ಟುಮರ. ಇಂಗ್ಲಿಷಿನ ಕ್ಯಾಟಮರಾನ್ ಹುಟ್ಟಿದ್ದೂ ಈ ಮಾತಿನಿಂದಲೇ. ಹುಡುಗ ಸರ್ಫ್ ಬೋರ್ಡನ್ನು ನೋಡುವ ಮೊದಲೇ ಮುರಿದ ಹಲಗೆ ಹಿಡಿದು ಅಲೆಗೆ ಇಳಿಯುತ್ತಿದ್ದನಂತೆ. 2025ರ ಆಗಸ್ಟ್‌ನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ಇಲ್ಲೇ ನಡೆದು, ನಮ್ಮ ದೇಶದ ರಮೇಶ್ ಬುದಿಹಾಳ್ ಕಂಚು ಗೆದ್ದರಲ್ಲ, ಆ ದಿನದ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕು.

ಮೊದಲ ದಿನ ಬೋರ್ಡಿನ ಮೇಲೆ ಎದ್ದು ನಿಲ್ಲುವುದರೊಳಗೆ ಬೀಳುತ್ತಿದ್ದೆ. "ಕೀಳೆ ಪಾಕ್ಕಾದೀಂಗಣ್ಣಾ, ಕೋಯಿಲ್ ಪಾರುಂಗ" ಅಂದ. ಕೆಳಗೆ ನೋಡಬೇಡಿ, ದೇವಸ್ಥಾನ ನೋಡಿ. ಎಡಗಡೆ ಕಡಲ ತೀರದ ಗುಡಿ. 1,300 ವರ್ಷಗಳಿಂದ ಉಪ್ಪುಗಾಳಿ ತಿಂದು ಅದರ ಶಿಲ್ಪಗಳ ಮುಖವೆಲ್ಲ ಸವೆದುಹೋಗಿದೆ. ಗುಡಿಯನ್ನು ನೋಡುತ್ತಲೇ ಮೊದಲ ಬಾರಿ ಎದ್ದು ನಿಂತೆ. ನಾಲ್ಕೈದು ಸೆಕೆಂಡು ಇರಬಹುದು. ಆ ಖುಷಿ ಇನ್ನೂ ಮೈಯಲ್ಲಿದೆ.

ಸಂಜೆಗಳೆಲ್ಲ ಕಲ್ಲಿಗೆ ಮೀಸಲು. ಪಂಚರಥಗಳನ್ನು ಇಡೀ ಬಂಡೆಯಿಂದ ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬಂದು, ಕೆಲಸ ಮುಗಿಯುವ ಮೊದಲೇ ಬಿಟ್ಟಿದ್ದಾರೆ. ಅರ್ಜುನ ತಪಸ್ಸಿನ ಬಂಡೆಯ ಮೇಲೆ ಹಿಂಗಾಲ ಮೇಲೆ ನಿಂತು ತಪಸ್ಸು ಮಾಡುವ ಬೆಕ್ಕನ್ನು ಮರೆಯದೆ ಹುಡುಕಿ. ಸುತ್ತ ಇಲಿಗಳಿವೆ.

ಮೂರನೇ ದಿನ ಹುಡುಗ ನನ್ನ ಊರು ಕೇಳಿದ. ಬಾದಾಮಿ ಅಂದರೆ ಗೊತ್ತಾಗಲಿಲ್ಲ. ಹಳೆಯ ಹೆಸರು ವಾತಾಪಿ ಅಂದೆ. "ಎಂಗ ರಾಜಾ ಜಯಿಚ್ಚ ಊರು!" ಎಂದು ಕಣ್ಣರಳಿಸಿದ. ನಮ್ಮ ರಾಜ ಗೆದ್ದ ಊರು. ಅವನ ಶಾಲೆಯಲ್ಲೂ ಅಷ್ಟೇ ಹೇಳಿಕೊಟ್ಟಿದ್ದಾರೆ, ನೋಡಿ. ನರಸಿಂಹವರ್ಮನ ಶಾಸನ ನಮ್ಮೂರ ಬಂಡೆಯ ಮೇಲೆ ಇವತ್ತಿಗೂ ಇದೆ ಎಂದು ಹೇಳಿದೆ. ಉಳಿದ ಕಥೆಗೆ ಮರುದಿನ ಅವನ ಬೈಕಿನಲ್ಲೇ ಪಲ್ಲವರ ರಾಜಧಾನಿಯಾಗಿದ್ದ ಕಾಂಚಿಗೆ ಹೋದೆವು.

ಅಲ್ಲಿನ ಕೈಲಾಸನಾಥ ಗುಡಿ ಕಟ್ಟಿಸಿದವನು ರಾಜಸಿಂಹ ಪಲ್ಲವ, ಕಡಲ ತೀರದ ಗುಡಿಯ ರಾಜನೇ. ಅದರ ಕಂಬವೊಂದರ ಮೇಲೆ ಕನ್ನಡ ಶಾಸನವಿದೆ. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ. ಗುಡಿಯ ಸಂಪತ್ತನ್ನು ನೋಡಿದ. ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ಈ ಕೈಲಾಸನಾಥನನ್ನೇ ಹೋಲುತ್ತದೆ. ನಾನು ನೂರು ಸಲ ನೋಡಿದ ಗುಡಿ ಅದು. ಅದರ ಅಣ್ಣ ಇಲ್ಲಿದ್ದಾನೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಕಂಬದ ಮುಂದೆ ಇಬ್ಬರೂ ಸುಮ್ನೆ ನಿಂತುಬಿಟ್ಟೆವು.

ಇಲ್ಲಿ ಫೇಸ್‌ಬುಕ್ಕಿನಲ್ಲಿ ಕನ್ನಡ-ತಮಿಳು ಜಗಳ ಶುರುವಾದಾಗೆಲ್ಲ ಪುಲಿಕೇಶಿಯನ್ನೂ ಮಾಮಲ್ಲನನ್ನೂ ಎಳೆದು ತರುತ್ತಾರೆ. ನನಗೆ ಅದು ನಿಜವಾಗಿ ನೋವು ಕೊಡುತ್ತದೆ. ಆ ರಾಜರು ಹೊಡೆದಾಡಿದ್ದು ಸುಳ್ಳಲ್ಲ, ಊರು ಹಾಳಾಗಿದ್ದೂ ಸುಳ್ಳಲ್ಲ. ಆದರೆ ಸೋತವರ ಗುಡಿಯನ್ನು ಉಳಿಸಿದ್ದು, ಅದರ ಚಂದವನ್ನು ನಮ್ಮೂರಿಗೆ ತಂದಿದ್ದು, ಅದೂ ಅಷ್ಟೇ ನಿಜ ಅಲ್ವಾ? ಅದನ್ನು ಯಾಕೆ ಯಾರೂ ಬರೆಯುವುದಿಲ್ಲ?

ಹುಡುಗ ಮಳೆಗಾಲ ಮುಗಿದ ಮೇಲೆ ಬಾದಾಮಿಗೆ ಬರುತ್ತಾನಂತೆ. ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತು ಎಂದಿದ್ದೇನೆ. ಅವ್ವನಿಗೂ ತಿಳಿಸಿದ್ದೇನೆ, ರೊಟ್ಟಿ ಜಾಸ್ತಿ ಬಡಿಯಬೇಕು.