ಕಡಿಮೆ ಜನ ಆಡುವ ಕ್ರೀಡೆ ವಿಡಿಯೋ ಗೇಮ್ ಆದಾಗ ನಿಯಮ ಬದಲಾಗಬಹುದೇ?

ವಿರೋಧ: ಬೇಡ, ಆಟ ಇದ್ದ ಹಾಗೇ ಇರಲಿ

ಕರ್ಲಿಂಗ್ ಅನ್ನೋ ಆಟ ನನಗೆ ಮೊದಲು ಸಿಕ್ಕಿದ್ದು ಒಂದು ವಿಡಿಯೋ ಗೇಮ್‌ನಲ್ಲಿ. ಮಂಜುಗಡ್ಡೆಯ ಮೇಲೆ ಕಲ್ಲನ್ನು ಗುರಿಯತ್ತ ಜಾರಿಸಬೇಕು, ಆಮೇಲೆ ಪಟಪಟ ಅಂತ ಬಟನ್ ಒತ್ತುತ್ತಾ ಇರಬೇಕು. ಜಾಸ್ತಿ ಒತ್ತಿದಷ್ಟೂ ಕಲ್ಲು ದೂರ ಹೋಗುತ್ತಿತ್ತು. ಕರ್ಲಿಂಗ್ ಅಂದರೆ ಇಷ್ಟೇ ಅಂತ ಎಷ್ಟೋ ವರ್ಷ ನಂಬಿದ್ದೆ.

ಆಮೇಲೊಮ್ಮೆ ಒಲಿಂಪಿಕ್ಸ್ ಪಂದ್ಯವನ್ನು ಪೂರ್ತಿ ಕೂತು ನೋಡಿದೆ. ಒಂದು ತಂಡ ತನ್ನ ಕೊನೆಯ ಕಲ್ಲನ್ನು ಬೇಕಂತಲೇ ಗುರಿಯ ಆಚೆ ಕಳಿಸಿತು. ಸುಲಭವಾಗಿ ಸಿಗುತ್ತಿದ್ದ ಒಂದು ಅಂಕವನ್ನು ಬಿಟ್ಟುಕೊಟ್ಟಿತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿ ತಿಳಿದುಕೊಂಡ ಮೇಲೆ ಮೈ ಜುಮ್ಮೆಂದಿತು. ನಾಲ್ವರ ಕರ್ಲಿಂಗ್‌ನಲ್ಲಿ ಪ್ರತಿ ಎಂಡ್‌ಗೆ, ಅಂದರೆ ಸುತ್ತಿಗೆ, ಒಂದು ತಂಡಕ್ಕೆ 8 ಕಲ್ಲು. ಕೊನೆಗೆ ಗುರಿಯ ನಡುವಿಗೆ ಹತ್ತಿರ ಯಾರ ಕಲ್ಲಿದೆಯೋ ಅವರಿಗೇ ಅಂಕ. ಕೊನೆಯ ಕಲ್ಲು ಯಾರದೋ ಅವರ ಕೈಯಲ್ಲಿ 'ಹ್ಯಾಮರ್' ಇದೆ ಅಂತಾರೆ. ಅಂಕ ಗಳಿಸಿದರೆ ಮುಂದಿನ ಎಂಡ್‌ನ ಹ್ಯಾಮರ್ ಎದುರಾಳಿಗೆ ಹೋಗುತ್ತದೆ. ಯಾರಿಗೂ ಅಂಕ ಬರದಿದ್ದರೆ ಅದು ಇದ್ದವರ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಈಗ ಒಂದು ಅಂಕ ತೆಗೆದುಕೊಳ್ಳುವುದಕ್ಕಿಂತ ಸೊನ್ನೆಗೆ ಒಪ್ಪಿ, ಮುಂದಿನ ಸಲ ಎರಡಕ್ಕೆ ಕೈ ಹಾಕುವುದು ಲಾಭ. ಈ ಲೆಕ್ಕಾಚಾರವೇ ಕರ್ಲಿಂಗ್‌ನ ಜೀವ. ನಾನು ಆಡಿದ ಗೇಮ್‌ನಲ್ಲಿ ಅದರ ಸುಳಿವೇ ಇರಲಿಲ್ಲ.

ಆ ಬಟನ್ ಒತ್ತುವುದು ಅಂದರೆ ಕಲ್ಲಿನ ಮುಂದೆ ಗುಡಿಸುವುದು; ಅದನ್ನೂ ತಪ್ಪಾಗಿಯೇ ಕಲಿತಿದ್ದೆ. ಬ್ರಷ್ಷಿನಿಂದ ಉಜ್ಜಿದಾಗ ಮಂಜುಗಡ್ಡೆಯ ಮೇಲ್ಮೈ ಸ್ವಲ್ಪ ಬಿಸಿಯಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಅದರ ದಾರಿ ಕಡಿಮೆ ಬಾಗುತ್ತದೆ. ಅಂದರೆ ಯಾವಾಗ ಉಜ್ಜಬಾರದು ಅನ್ನೋದೂ ಒಂದು ವಿದ್ಯೆ. ತಂಡದ ನಾಯಕ, ಅಂದರೆ ಸ್ಕಿಪ್, ಆ ತುದಿಯಿಂದ ಗಂಟಲು ಹರಿಯುವಂತೆ ಕೂಗೋದು ಇದಕ್ಕೇ.

ಫುಟ್‌ಬಾಲ್ ಗೇಮ್ ಏನೇ ಹುಚ್ಚಾಟ ಆಡಲಿ, ನಷ್ಟವಿಲ್ಲ. ನಿಜವಾದ ಫುಟ್‌ಬಾಲ್ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಅಪರೂಪದ ಕ್ರೀಡೆಗೆ ಆ ರಕ್ಷಣೆ ಇಲ್ಲ. ಗೇಮ್ ಏನು ತೋರಿಸುತ್ತದೋ ಅದನ್ನೇ ಜನ ಆ ಕ್ರೀಡೆ ಅಂತ ನೆನಪಿಟ್ಟುಕೊಳ್ಳುತ್ತಾರೆ.

ನಿಜಕ್ಕೆ ಹತ್ತಿರ ಹೋದರೆ ಆಟ ಸಪ್ಪೆಯಾಗುತ್ತದೆ ಅನ್ನೋದನ್ನೂ ನಾನು ಒಪ್ಪುವುದಿಲ್ಲ. 2007ರಲ್ಲಿ ಬಂದ 'ಸ್ಕೇಟ್' ಅನ್ನೋ ಸ್ಕೇಟ್‌ಬೋರ್ಡ್ ಗೇಮ್ ನೋಡಿ. ಕಂಟ್ರೋಲರ್‌ನ ಬಲಗಡೆಯ ಸ್ಟಿಕ್ಕನ್ನು ಕೆಳಗೆಳೆದು ಮೇಲಕ್ಕೆ ಚಿಮ್ಮಿಸಿದರೆ ಆಲಿ, ಅಂದರೆ ಬೋರ್ಡ್ ಸಮೇತ ಜಿಗಿತ. ಕಾಲಿನ ಕೆಲಸವನ್ನು ಹೆಬ್ಬೆರಳಿಗೆ ಕಲಿಸಿದರು. ಬೀಳುತ್ತಾ ಏಳುತ್ತಾ ಒಂದೇ ಮೆಟ್ಟಿಲ ಹತ್ತಿರ ಗಂಟೆಗಟ್ಟಲೆ ಕಳೆಯೋದೇ ಅದರ ಖುಷಿ.

ಕರ್ಲಿಂಗ್‌ನಲ್ಲಿ ಇನ್ನೊಂದು ಸಂಗತಿ ಇದೆ. ಓಡುತ್ತಿರುವ ಕಲ್ಲಿಗೆ ತನ್ನ ಬ್ರಷ್ ತಾಗಿದರೆ ಆಟಗಾರ ತಾನೇ ಒಪ್ಪಿಕೊಳ್ಳಬೇಕು ಅನ್ನೋದು ಆ ಆಟದ ಸಂಪ್ರದಾಯ. ಗೇಮ್‌ನಲ್ಲೂ ಯಾರಿಗೂ ಕಾಣದ ಹಾಗೆ ಬ್ರಷ್ ತಾಗಲಿ. 'ಹೇಳ್ತೀಯಾ, ಬಿಡ್ತೀಯಾ?' ಅಂತ ಆಡುವವನನ್ನೇ ಕೇಳಲಿ. ಅಂಥ ಗೇಮ್‌ಗೆ ನಾನು ಕಾಯುತ್ತಿದ್ದೇನೆ.

ಪರ: ಬದಲಾಗಲಿ, ಜನ ಒಳಗೆ ಬರಲಿ

ಸ್ಕೇಟ್‌ಬೋರ್ಡ್ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 'ಟೋನಿ ಹಾಕ್ಸ್ ಪ್ರೋ ಸ್ಕೇಟರ್' ಬಂದದ್ದು 1999ರಲ್ಲಿ. ಎರಡು ನಿಮಿಷದ ಓಟ, ಮನೆ ಎತ್ತರದ ಜಿಗಿತ, ಯಾವ ಮನುಷ್ಯನಿಂದಲೂ ಆಗದ ಟ್ರಿಕ್‌ಗಳ ಸರಪಳಿ. ಭೂಮಿಯ ಸೆಳೆತಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. ಆದರೆ ಸ್ಕೇಟರ್‌ಗಳ ಹೆಸರು ನಿಜ, ಟ್ರಿಕ್‌ಗಳ ಹೆಸರು ನಿಜ. ಬೋರ್ಡ್ ಮುಟ್ಟದ ಮಕ್ಕಳ ಬಾಯಲ್ಲೂ ಕಿಕ್‌ಫ್ಲಿಪ್ ಅನ್ನೋ ಮಾತು ಬಂತು. ಬಟನ್‌ಗಳ ಮೇಲೆ ಕಲಿತ ಹೆಸರನ್ನು ಹುಡುಕಿಕೊಂಡು ಎಷ್ಟೋ ಜನ ನಿಜವಾದ ಬೋರ್ಡ್ ಹತ್ತಿದರು. ಮೊದಲ ದಿನವೇ ಬಿದ್ದರು. ಗೇಮ್ ಮೋಸ ಮಾಡಿತು ಅಂತ ಬೋರ್ಡ್ ಬಿಸಾಡಲಿಲ್ಲವಲ್ಲ!

ನಿಷ್ಠೆ ಅಂದಾಗ ಯಾವುದಕ್ಕೆ ನಿಷ್ಠೆ? ಕರ್ಲಿಂಗ್ ಕಲ್ಲು 20 ಕೆಜಿ ಹತ್ತಿರ ತೂಗುತ್ತದೆ. ಒಂದು ಕಾಲನ್ನು ಹ್ಯಾಕ್‌ಗೆ, ಅಂದರೆ ಮಂಜುಗಡ್ಡೆಯಲ್ಲಿ ಕಾಲೂರಲು ಇರುವ ಆನಿಕೆಗೆ ಒತ್ತಿ, ಮೈ ನೆಲಕ್ಕೆ ತಾಗುವಷ್ಟು ಬಗ್ಗಿ, ಕಲ್ಲಿನ ಜೊತೆ ಜಾರುತ್ತಾರೆ. ಅಂಗೈಯಲ್ಲಿ ಹಿಡಿಕೆಯ ತಂಪು, ಬೆರಳು ಬಿಡುವಾಗ ಕೊಡುವ ಸಣ್ಣ ತಿರುವು. ಇದರಲ್ಲಿ ಯಾವುದೂ ಕಂಟ್ರೋಲರ್‌ಗೆ ಬರೋದಿಲ್ಲ. ದೇಹವನ್ನೇ ಬಿಟ್ಟ ಮೇಲೆ ಉಳಿದದ್ದನ್ನು ಅಕ್ಷರಶಃ ಪಾಲಿಸಿದರೆ ನಿಯಮ ಪುಸ್ತಕ ಕೈಗೆ ಬರುತ್ತದೆಯೇ ಹೊರತು ಕರ್ಲಿಂಗ್ ಅಲ್ಲ.

ಹತ್ತು ಎಂಡ್‌ಗಳ ಪಂದ್ಯದಲ್ಲಿ ಯೋಚಿಸಲಿಕ್ಕೆಂದೇ ಪ್ರತಿ ತಂಡಕ್ಕೆ 38 ನಿಮಿಷ. ಆ ಆಟವನ್ನು ಪ್ರೀತಿಸುವವರಿಗೆ ಅದು ಚಂದ, ನನಗೂ ಚಂದ. ಕೆಲಸ ಮುಗಿಸಿ ಅರ್ಧ ಗಂಟೆ ಆಡಲು ಕೂತ ಹೊಸಬರಿಗೆ? ಎರಡನೇ ಎಂಡ್‌ಗೇ ಎದ್ದು ಹೋಗುತ್ತಾರೆ. ಕರ್ಲಿಂಗ್ ಬಲ್ಲವರೇ ಕೊಂಡರೆ ಸಾಕು ಅಂದರೆ, ಅವರು ಇರೋದೇ ಕಡಿಮೆ. ಮಾರಾಟವಾಗದ ಗೇಮ್‌ಗೆ ಎರಡನೇ ಭಾಗ ಯಾರೂ ಮಾಡೋದಿಲ್ಲ.

ಇನ್ನು ಮೇಲಿನ ಲೇಖನ ಜೀವ ಅಂತ ಕರೆದ ಆ ಸೊನ್ನೆಯ ಲೆಕ್ಕ. ಮಿಶ್ರ ಡಬಲ್ಸ್ ಕರ್ಲಿಂಗ್ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಬಂತು. ತಂಡಕ್ಕೆ ಇಬ್ಬರೇ, 8 ಎಂಡ್, ಎಸೆಯಲು 5 ಕಲ್ಲು. ಪ್ರತಿ ತಂಡದ ಒಂದು ಕಲ್ಲನ್ನು ಮೊದಲೇ ಇಟ್ಟಿರುತ್ತಾರೆ. ಅಲ್ಲಿ ಎಂಡ್ ಖಾಲಿ ಹೋದರೆ, ಮುಂದಿನ ಸಲ ಆ ಕಲ್ಲುಗಳನ್ನು ಹೇಗೆ ಇಡಬೇಕು ಅನ್ನೋ ಆಯ್ಕೆ ಎದುರಾಳಿಗೆ ಹೋಗುತ್ತದೆ. ಅಂದರೆ ಬೇಕಂತಲೇ ಸೊನ್ನೆ ಮಾಡುವ ಲಾಭವನ್ನೇ ತೆಗೆದುಹಾಕಿದ್ದಾರೆ. ಹಾಗೆ ಮಾಡಿದವರು ಗೇಮ್ ಕಂಪನಿಯವರಲ್ಲ, ಕರ್ಲಿಂಗ್‌ನವರೇ. ಹೊಸ ಜನ ಬರಲಿ, ಆಟ ಚುರುಕಾಗಲಿ ಅಂತ ಅವರೇ ನಿಯಮ ಮುರಿದು ಕಟ್ಟಿದರೆ ಅದು ಕ್ರೀಡೆ. ಗೇಮ್ ಮಾಡುವವರು ನಾಲ್ಕು ಎಂಡ್ ಸಾಕು, ಉಜ್ಜೋಕೆ ಒಂದೇ ಬಟನ್ ಇರಲಿ ಅಂದರೆ ಯಾಕೆ ದ್ರೋಹ?

ಬಟನ್ ಒತ್ತಿ ತಪ್ಪು ಕಲಿತೆ ಅಂತ ಮೇಲಿನವರು ಬೇಸರ ಪಟ್ಟಿದ್ದಾರೆ. ಒಂದು ಮಾತು ಕೇಳಬೇಕು ಅನ್ನಿಸುತ್ತೆ. ಆ ಗೇಮ್ ಆಡದೇ ಇದ್ದಿದ್ದರೆ, ಅವತ್ತು ಟಿವಿಯಲ್ಲಿ ಕರ್ಲಿಂಗ್ ಬಂದಾಗ ಚಾನೆಲ್ ಬದಲಿಸದೆ ಕೂತಿರುತ್ತಿದ್ದರಾ?