ಈಸಾ ಅಂದರೂ ಯೇಸು ಅಂದರೂ ಒಬ್ಬರೇನಾ?

ಅಬುಧಾಬಿಗೆ ಬಂದ ಹೊಸತರಲ್ಲಿ ನನಗೊಂದು ಗೊಂದಲವಿತ್ತು. ಆಫೀಸಿನಲ್ಲಿ ಇಬ್ಬರು ಸಹೋದ್ಯೋಗಿಗಳು. ಒಬ್ಬರು ಲೆಬನಾನಿನ ಕ್ರೈಸ್ತರು, ಇನ್ನೊಬ್ಬರು ಈಜಿಪ್ಟಿನ ಮುಸ್ಲಿಮರು. ಇಬ್ಬರ ಮನೆಮಾತೂ ಅರಬ್ಬಿ. ಇಬ್ಬರೂ ದೇವರನ್ನು ಅಲ್ಲಾಹ್ ಅಂತಲೇ ಕರೆಯುತ್ತಾರೆ. ಆದರೆ ಯೇಸುವಿನ ಮಾತು ಬಂದರೆ ಒಬ್ಬರು ‘ಯಸೂ’ ಅನ್ನುತ್ತಾರೆ, ಇನ್ನೊಬ್ಬರು ‘ಈಸಾ’ ಅನ್ನುತ್ತಾರೆ. ದೇವರಿಗೆ ಇಬ್ಬರದೂ ಒಂದೇ ಹೆಸರು, ಈ ಒಬ್ಬರಿಗೆ ಮಾತ್ರ ಎರಡು!

ಸುಮ್ನೆ ಉಚ್ಚಾರದ ವ್ಯತ್ಯಾಸ ಇರಬೇಕು ಅಂದುಕೊಂಡಿದ್ದೆ. ಹಾಗಲ್ಲ ಅಂತ ತಿಳಿಯಲು ಕೆಲವು ವರ್ಷ ಬೇಕಾಯಿತು.

ಇಲ್ಲಿನ ಮುಶ್ರಿಫ್ ಪ್ರದೇಶದಲ್ಲಿ ಒಂದು ಮಸೀದಿ ಇದೆ. ಚರ್ಚ್‌ಗಳ ಪಕ್ಕದಲ್ಲೇ ಇದೆ. 2017ರಲ್ಲಿ ಅದರ ಹೆಸರು ಬದಲಾಯಿಸಿ ‘ಮರ್ಯಮ್ ಉಮ್ಮ್ ಈಸಾ’ ಅಂತ ಇಟ್ಟರು. ಅಂದರೆ ಈಸಾರ ತಾಯಿ ಮರ್ಯಮ್, ಬೈಬಲಿನ ಮರಿಯ. ಮೊದಲ ಸಲ ಆ ಫಲಕ ಓದಿಸಿಕೊಂಡಾಗ, ಇದೇನೋ ಪಕ್ಕದ ಚರ್ಚಿನವರನ್ನು ಖುಷಿಪಡಿಸಲು ಮಾಡಿದ್ದು ಅನಿಸಿತ್ತು. ಈಜಿಪ್ಟಿನ ಗೆಳೆಯರಿಗೆ ಹಾಗೆಯೇ ಹೇಳಿದೆ. ಅವರಿಗೆ ಸ್ವಲ್ಪ ಬೇಸರವೇ ಆಯಿತು. ‘ಮರ್ಯಮ್ ನಮ್ಮವರು. ನೆಂಟರ ಮನೆಯಿಂದ ತಂದವರಲ್ಲ’ ಅಂದರು.

ಅವರು ಹೇಳಿದ್ದು ನಿಜ. ಕುರ್‌ಆನ್‌ನ 19ನೇ ಸೂರಾದ, ಅಂದರೆ ಅಧ್ಯಾಯದ, ಹೆಸರೇ ಮರ್ಯಮ್. ಇಡೀ ಕುರ್‌ಆನ್‌ನಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಅವರೊಬ್ಬರೇ. ಅವರ ಹೆಸರು 34 ಸಲ ಬರುತ್ತದೆ, ಈಸಾ ಅನ್ನುವ ಹೆಸರು 25 ಸಲ. ಮುಹಮ್ಮದ್ ಅನ್ನುವ ಹೆಸರು ಬರುವುದು 4 ಸಲ ಮಾತ್ರ. ಈ ಲೆಕ್ಕವನ್ನು ಕೆಲವರು ದೊಡ್ಡ ಗುಟ್ಟು ಬಿಚ್ಚಿಟ್ಟ ಹಾಗೆ ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲ. ಮುಹಮ್ಮದರನ್ನು ಕುರ್‌ಆನ್ ಎದುರಿಗೇ ನಿಲ್ಲಿಸಿಕೊಂಡು ಮಾತಾಡಿಸುತ್ತದೆ. ಎದುರಿಗಿರುವವರನ್ನು ಮತ್ತೆ ಮತ್ತೆ ಹೆಸರು ಹಿಡಿದು ಕರೆಯುವುದುಂಟೇ?

ಈಸಾರನ್ನು ಕುರ್‌ಆನ್ ಬಹಳ ಕಡೆ ‘ಮರ್ಯಮಳ ಮಗ’ ಅಂತಲೇ ಗುರುತಿಸುತ್ತದೆ. ತಂದೆಯ ಹೆಸರಿನಿಂದ ಮಗನನ್ನು ಕರೆಯುವ ಸಮಾಜದಲ್ಲಿ ತಾಯಿಯ ಹೆಸರು. ಏಕೆಂದರೆ ಇಸ್ಲಾಮಿನ ಪ್ರಕಾರವೂ ಅವರಿಗೆ ತಂದೆಯಿಲ್ಲ. ಬೈಬಲಿನಲ್ಲಿ ಮರಿಯಳ ಗಂಡನಾಗಿ ಬರುವ ಜೋಸೆಫ್ ಕುರ್‌ಆನ್‌ನಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ಹೆರಿಗೆಯ ಕಥೆಯೂ ಬೇರೆ. ಲೂಕನ ಸುವಾರ್ತೆಯಲ್ಲಿ ಬೆತ್ಲೆಹೇಮಿದೆ, ಗೋದಲಿಯಿದೆ, ಕುರುಬರು ಬರುತ್ತಾರೆ. ಕುರ್‌ಆನ್‌ನಲ್ಲಿ ಯಾರೂ ಇಲ್ಲ. ಮರ್ಯಮ್ ಒಬ್ಬರೇ ದೂರ ಹೋಗುತ್ತಾರೆ. ನೋವು ತಾಳಲಾರದೆ ಖರ್ಜೂರದ ಮರದ ಬುಡ ಸೇರುತ್ತಾರೆ. ‘ಇದಕ್ಕೆ ಮೊದಲೇ ನಾನು ಸತ್ತಿದ್ದರೆ ಚೆನ್ನಾಗಿತ್ತು’ ಅನ್ನುತ್ತಾರೆ. ಆಗ ಕೆಳಗಿನಿಂದ ಒಂದು ದನಿ. ಅಳಬೇಡ, ನಿನ್ನ ಕಾಲಬಳಿ ತೊರೆ ಹರಿಯುತ್ತಿದೆ, ಮರ ಅಲುಗಾಡಿಸು, ಹಣ್ಣು ಉದುರುತ್ತದೆ, ತಿನ್ನು, ಕುಡಿ. ಹೆತ್ತ ತಾಯಿಯ ನೋವನ್ನು ಇಷ್ಟು ಹತ್ತಿರದಿಂದ ಹೇಳುವ ಮಾತು ಧರ್ಮಗ್ರಂಥದಲ್ಲಿ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಕೂಸನ್ನು ಎತ್ತಿಕೊಂಡು ಊರಿಗೆ ಬಂದರೆ ಜನ ಬಿಡುತ್ತಾರೆಯೇ? ಬಾಯಿಗೆ ಬಂದದ್ದು ಆಡುತ್ತಾರೆ. ಮರ್ಯಮ್ ಮಾತಾಡುವುದಿಲ್ಲ, ಮಗುವಿನ ಕಡೆ ಬೆರಳು ತೋರಿಸುತ್ತಾರೆ. ತೊಟ್ಟಿಲ ಕೂಸು ಮಾತಾಡುತ್ತದೆ: ‘ನಾನು ಅಲ್ಲಾಹನ ದಾಸ.’

ತಾಯಿಯ ಮಾನ ಉಳಿಸಿದ ಮಾತು ಅದು. ಎರಡು ಧರ್ಮಗಳು ಬೇರೆಯಾಗುವುದೂ ಆ ಮಾತಿನಲ್ಲೇ. ಕ್ರೈಸ್ತರಿಗೆ ಯೇಸು ದೇವರ ಮಗ, ಮನುಷ್ಯನಾಗಿ ಬಂದ ದೇವರು. ಮುಸ್ಲಿಮರಿಗೆ ದೇವರ ದಾಸ, ದೊಡ್ಡ ಪ್ರವಾದಿ. ದೇವರು ಹೆತ್ತವನೂ ಅಲ್ಲ, ಹುಟ್ಟಿದವನೂ ಅಲ್ಲ ಅನ್ನುವುದು ಅವರು ದಿನದಿನವೂ ನಮಾಜಿನಲ್ಲಿ ಹೇಳಿಕೊಳ್ಳುವ ಮಾತು. ತಂದೆಯಿಲ್ಲದೆ ಹುಟ್ಟಿದರಲ್ಲ ಅಂದರೆ, ಆದಮನಿಗೆ ತಂದೆಯೂ ಇರಲಿಲ್ಲ, ತಾಯಿಯೂ ಇರಲಿಲ್ಲ ಅಂತ ಉತ್ತರ ಬರುತ್ತದೆ. ಕುರ್‌ಆನ್ ಈಸಾರನ್ನು ಆದಮನಿಗೇ ಹೋಲಿಸುತ್ತದೆ.

ಹಾಗಂತ ಗೌರವಕ್ಕೆ ಕೊರತೆಯಿಲ್ಲ. ಮುಸ್ಲಿಮರು ಈಸಾರನ್ನು ಮಸೀಹ, ಅಂದರೆ ಅಭಿಷಿಕ್ತ, ಅನ್ನುತ್ತಾರೆ, ದೇವರ ವಚನ ಅನ್ನುತ್ತಾರೆ. ಮಣ್ಣಿನ ಹಕ್ಕಿಗೆ ಊದಿ ಜೀವ ತುಂಬಿದ್ದು, ಕುರುಡರನ್ನೂ ಕುಷ್ಠರೋಗಿಗಳನ್ನೂ ವಾಸಿಮಾಡಿದ್ದು, ಸತ್ತವರನ್ನು ಎಬ್ಬಿಸಿದ್ದು, ಎಲ್ಲವನ್ನೂ ಒಪ್ಪುತ್ತಾರೆ. ಆದರೆ ಪ್ರತಿ ಪವಾಡದ ಜೊತೆಗೂ ‘ಅಲ್ಲಾಹನ ಅನುಮತಿಯಿಂದ’ ಅಂತ ಸೇರಿಕೊಳ್ಳುತ್ತದೆ. ಈಸಾರ ಹೆಸರು ಹೇಳಿದ ಮೇಲೆ ‘ಅಲೈಹಿಸ್ಸಲಾಮ್’ (ಅವರ ಮೇಲೆ ಶಾಂತಿಯಿರಲಿ) ಅನ್ನದೆ ಮುಂದೆ ಹೋಗುವುದಿಲ್ಲ. ಮಕ್ಕಳಿಗೆ ಈಸಾ ಅಂತ ಹೆಸರಿಡುವುದು ಇಲ್ಲಿ ತೀರಾ ಸಾಮಾನ್ಯ.

ಶಿಲುಬೆಯ ವಿಷಯಕ್ಕೆ ಬಂದಾಗ ದಾರಿ ಪೂರ್ತಿ ಕವಲೊಡೆಯುತ್ತದೆ. ವಿರೋಧಿಗಳು ಈಸಾರನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಅವರಿಗೆ ಹಾಗೆ ಕಾಣುವಂತೆ ಮಾಡಲಾಯಿತು ಅನ್ನುತ್ತದೆ ಕುರ್‌ಆನ್‌ನ 4ನೇ ಸೂರಾ. ದೇವರು ಈಸಾರನ್ನು ತನ್ನೆಡೆಗೆ ಎತ್ತಿಕೊಂಡನು. ‘ಹಾಗೆ ಕಾಣುವಂತೆ’ ಅಂದರೆ ಏನು ಅನ್ನುವುದರ ಬಗ್ಗೆ ವ್ಯಾಖ್ಯಾನಕಾರರಲ್ಲೇ ಬೇರೆ ಬೇರೆ ಮಾತುಗಳಿವೆ. ಬೇರೊಬ್ಬನಿಗೆ ಅವರ ರೂಪ ಬಂತು ಅನ್ನುವುದು ಜಾಸ್ತಿ ಕೇಳಿಬರುವ ವಿವರಣೆ.

ಇದು ಇತಿಹಾಸದ ಒಂದು ಘಟನೆಯ ಜಗಳ ಅಷ್ಟೇ ಅಂತ ನಾನು ತುಂಬಾ ದಿನ ತಿಳಿದಿದ್ದೆ. ಲೆಬನಾನಿನ ಗೆಳೆಯರು ಅದನ್ನು ತಿದ್ದಿದರು. ಕ್ರೈಸ್ತರ ನಂಬಿಕೆಯಲ್ಲಿ ಆದಾಮನ ಪಾಪದಿಂದ ಮನುಷ್ಯಕುಲಕ್ಕೇ ಒಂದು ಹೊರೆ ಬಂತು. ಅದನ್ನು ಇಳಿಸಲು ಯೇಸು ಪ್ರಾಣ ಕೊಟ್ಟರು, ಮತ್ತೆ ಎದ್ದುಬಂದರು. ಶಿಲುಬೆ ತೆಗೆದರೆ ಮನೆಯ ಕಂಬವೇ ಹೋದ ಹಾಗೆ. ಇಸ್ಲಾಮಿನಲ್ಲಿ ಆ ಹೊರೆಯೇ ಇಲ್ಲ. ಆದಮ್ ತಪ್ಪು ಮಾಡಿದರು, ಕ್ಷಮೆ ಕೇಳಿದರು, ದೇವರು ಕ್ಷಮಿಸಿದನು. ಲೆಕ್ಕ ಅಲ್ಲಿಗೇ ಚುಕ್ತಾ. ಒಬ್ಬರ ಸಾಲ ಇನ್ನೊಬ್ಬರು ತೀರಿಸುವ ಪ್ರಶ್ನೆಯೇ ಬರುವುದಿಲ್ಲ. ಎರಡೂ ಕಡೆ ಕೇಳಿದ ಮೇಲೆ, ಪರಸ್ಪರರ ನಂಬಿಕೆ ಇವರಿಗೆ ಯಾಕೆ ವಿಚಿತ್ರವಾಗಿ ಕಾಣುತ್ತದೆ ಅಂತ ನನಗೆ ಅರ್ಥವಾಯಿತು.

ಇಬ್ಬರೂ ಒಪ್ಪುವ ಒಂದು ಮಾತಿದೆ. ಯೇಸು ಮತ್ತೆ ಬರುತ್ತಾರೆ. ಹದೀಸಿನ, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ದಾಖಲೆಯ, ಪ್ರಕಾರ ಈಸಾ ಇಳಿದು ಬರುವುದು ಡಮಾಸ್ಕಸ್‌ನ ಪೂರ್ವಕ್ಕಿರುವ ಬಿಳಿ ಮಿನಾರಿನ ಬಳಿ. ಅಲ್ಲಿನ ಉಮಯ್ಯದ್ ಮಸೀದಿಯ ಒಂದು ಮಿನಾರಿಗೆ ಈಸಾರದೇ ಹೆಸರು. ಆದರೆ ಬಂದು ಏನು ಮಾಡುತ್ತಾರೆ ಅಂತ ಕೇಳಿದರೆ ಮತ್ತೆ ಎರಡು ಉತ್ತರ.

ಈಗ ನಮ್ಮವರ ವಿಷಯ. ಇಲ್ಲಿನ ಕನ್ನಡ ಗೆಳೆಯರ ಜೊತೆ ಇದನ್ನೆಲ್ಲ ಮಾತಾಡಿದರೆ ಎರಡು ನಿಮಿಷದಲ್ಲಿ ಒಂದು ಮಾತು ಬಂದೇ ಬರುತ್ತದೆ. ‘ಎಲ್ಲಾ ಒಂದೇ ಅಲ್ವಾ, ಹೆಸರು ಬೇರೆ ಅಷ್ಟೆ.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ಆ ಮಾತು ನನಗೆ ಸ್ವಲ್ಪ ಸೋಮಾರಿತನದ್ದು ಅನಿಸುತ್ತದೆ. ಎದುರಿಗಿರುವವರು ಯಾವುದಕ್ಕೆ ಪ್ರಾಣ ಕೊಡಲೂ ಸಿದ್ಧರೋ ಅದನ್ನೇ ‘ಅಷ್ಟೆ’ ಅಂದುಬಿಡುತ್ತೇವೆ. ಕೇಳಿಸಿಕೊಳ್ಳುವ ಶ್ರಮವೂ ತಪ್ಪುತ್ತದೆ.

ನಿಜ ಹೇಳಬೇಕೆಂದರೆ ಕನ್ನಡಿಗರಿಗೆ ಇದು ಹೊಸದಾಗಬೇಕಾಗಿಲ್ಲ. ನಾಗಚಂದ್ರ ಬರೆದ ಜೈನ ರಾಮಾಯಣ ನಮ್ಮಲ್ಲಿಲ್ಲವೇ? ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ಜೈನರಿಗೆ ರಾಮ ವಿಷ್ಣುವಿನ ಅವತಾರವಲ್ಲ. ಜೈನರ 63 ಮಹಾಪುರುಷರಲ್ಲಿ, ಅಂದರೆ ಶಲಾಕಾಪುರುಷರಲ್ಲಿ, ಒಬ್ಬ, ಮೋಕ್ಷಕ್ಕೆ ಹೋಗುವ ಜೀವ. ಕೈಗೆ ಕೊಲೆಯ ರಕ್ತ ಅಂಟಬಾರದು. ಅದೇ ರಾಮ, ಆದರೆ ಅದೇ ಕಥೆಯಲ್ಲ. ಜೈನರು ರಾಮನನ್ನು ಕದ್ದರು ಅಂತಲೂ ಅನ್ನಲಾಗದು, ಎರಡೂ ಒಂದೇ ಅಂತಲೂ ಅನ್ನಲಾಗದು. ಹೋಲಿಕೆ ಪೂರ್ತಿ ಕೂಡುವುದಿಲ್ಲ ಅಂತ ಗೊತ್ತು. ಆದರೂ ಈಸಾರ ವಿಷಯ ನನ್ನ ತಲೆಗೆ ಹತ್ತಿದ್ದು ನಾಗಚಂದ್ರನ ರಾಮನನ್ನು ನೆನೆಸಿಕೊಂಡ ಮೇಲೆಯೇ.

ಒಂದು ದಿನ ಊಟದ ಹೊತ್ತಿಗೆ ಈಜಿಪ್ಟಿನ ಗೆಳೆಯರು ಒಂದು ಹಳೆಯ ಕಥೆ ಹೇಳಿದರು. ಸುಮಾರು 615ರ ಮಾತು. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಕೆಲವು ಮುಸ್ಲಿಮರು ಸಮುದ್ರ ದಾಟಿ ಅಬಿಸೀನಿಯಾಕ್ಕೆ, ಅಂದರೆ ಈಗಿನ ಇಥಿಯೋಪಿಯಾದ ಕಡೆಗೆ, ಹೋದರು. ಅಲ್ಲಿನ ರಾಜ ನಜಾಶಿ ಕ್ರೈಸ್ತ. ಇವರನ್ನು ಹಿಂದಕ್ಕೆ ಕರೆತರಲು ಮಕ್ಕಾದಿಂದ ದೂತರೂ ಹೋದರು. ರಾಜ ವಿಚಾರಿಸಿದಾಗ ಪ್ರವಾದಿಯ ದೊಡ್ಡಪ್ಪನ ಮಗ ಜಾಫರ್ ಎದ್ದು ನಿಂತು ಮರ್ಯಮ್ ಸೂರಾದ ಮೊದಲ ಭಾಗ ಓದಿದರು. ರಾಜ ಅತ್ತನಂತೆ, ಗಡ್ಡ ಒದ್ದೆಯಾಗುವಷ್ಟು.

ಮಕ್ಕಾದವರು ಬಿಡಲಿಲ್ಲ. ಮರುದಿನ ಬಂದು, ಇವರು ಯೇಸುವನ್ನು ದಾಸ ಅನ್ನುತ್ತಾರೆ, ಕೇಳಿ ನೋಡಿ ಅಂದರು. ಜಾಫರ್ ಮಾತು ಮರೆಸಲಿಲ್ಲ. ಹೌದು, ದೇವರ ದಾಸ, ದೇವರ ದೂತ, ಮರ್ಯಮಳಿಗೆ ದೇವರು ಕೊಟ್ಟ ವಚನ ಅಂದರು. ರಾಜ ಬಗ್ಗಿ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡನು. ನೀನು ಹೇಳಿದ್ದಕ್ಕೂ ಮರ್ಯಮಳ ಮಗನಿಗೂ ಈ ಕಡ್ಡಿಯಷ್ಟೂ ಅಂತರವಿಲ್ಲ ಅಂದನು. ಸುತ್ತ ಇದ್ದ ದಂಡನಾಯಕರು ಮೂಗು ಮುರಿದರು. ನೀವು ಮೂಗು ಮುರಿದರೂ ಸರಿಯೇ ಅಂದು, ಆಶ್ರಯ ಬೇಡಿ ಬಂದ ಮುಸ್ಲಿಮರ ಕಡೆ ತಿರುಗಿ, ಹೋಗಿ, ನನ್ನ ನಾಡಿನಲ್ಲಿ ನಿಮಗೆ ಭಯವಿಲ್ಲ ಅಂದನು.

ಕಥೆ ಮುಗಿಯಿತು. ಲೆಬನಾನಿನ ಗೆಳೆಯರು ಚೆನ್ನಾಗಿಯೇ ಕೇಳಿಸಿಕೊಂಡಿದ್ದರು. ತಟ್ಟೆ ಎತ್ತಿಕೊಂಡು ಏಳುತ್ತಾ ಒಂದೇ ಮಾತು ಹೇಳಿದರು. ‘ರಾಜ ಒಳ್ಳೆಯವನು. ಆದರೆ ಕಡ್ಡಿ ಇನ್ನೂ ಸ್ವಲ್ಪ ಉದ್ದ ಇತ್ತು.’ ಈಜಿಪ್ಟಿನವರು ನಕ್ಕುಬಿಟ್ಟರು. ಇಬ್ಬರೂ ಒಟ್ಟಿಗೇ ಚಹಾ ತರಲು ಹೋದರು.