ಮೂರು-ನಾಲ್ಕು, ಮೂರು-ನಾಲ್ಕು

ಪರಿಚಯದವರೊಬ್ಬರು ಪದ್ಯ ಕಳಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಭಾಮಿನಿ ಷಟ್ಪದಿ’ ಎಂದಿತ್ತು. ಅದೊಂದು ಇಲ್ಲದಿದ್ದರೆ ಸುಮ್ನೆ ಓದಿ ‘ಚೆನ್ನಾಗಿದೆ’ ಎಂದುಬಿಡುತ್ತಿದ್ದೆ. ಹೆಸರು ನೋಡಿದ ಮೇಲೆ ಕೈ ಕೇಳುತ್ತದೆಯೇ? ಪೆನ್ಸಿಲ್ ಹಿಡಿದು ಪ್ರಸ್ತಾರ ಹಾಕಿದೆ, ಅಂದರೆ ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು ಮಾತ್ರೆಯಂತೆ ಸಾಲುಗಳನ್ನು ಎಣಿಸಿದೆ. ಭಾಮಿನಿ ಎಂದರೆ ಮೂರು-ನಾಲ್ಕು ಮಾತ್ರೆಗಳ ಗುಂಪು ಸರದಿಯಲ್ಲಿ ಬರುವ ಆರು ಸಾಲಿನ ಪದ್ಯ. ಮೊದಲೆರಡು ಸಾಲು ಸಲೀಸು. ಮೂರನೆಯದರಲ್ಲಿ 23 ಮಾತ್ರೆ ಇರಬೇಕು, 22 ಇದೆ. ಕೊರತೆ ಕೊನೆಯಲ್ಲಿದ್ದರೆ ಎಳೆದು ಓದಿ ಗುರು ಮಾಡಿಕೊಳ್ಳಬಹುದಿತ್ತು. ಇದು ನಟ್ಟನಡುವೆ! ಹೇಳಿದರೆ, ‘ಭಾವ ನೋಡಿ ಸಾರ್, ಲೆಕ್ಕ ಯಾಕೆ?’ ಎಂದರು. ಭಾವವೇ ಸಾಕಾಗಿದ್ದರೆ ಪಾಪದ ಭಾಮಿನಿಯನ್ನು ಯಾಕೆ ಎಳೆದು ತಂದರು?

ಲೆಕ್ಕ ಹಾಕಿದರೆ ಭಾವ ಸತ್ತೇಹೋಗುತ್ತದೆ ಎನ್ನುವವರೇ ಈಗ ಜಾಸ್ತಿ. ಹಾಗಲ್ಲ ಎಂದು ತೋರಿಸಲು ನನ್ನ ಹತ್ತಿರ ಒಳ್ಳೆಯ ವಾದವಿದೆ. ಅದಕ್ಕೆ ಮೊದಲು ನಾಗವರ್ಮನ ಹೆಂಡತಿಯ ವಿಷಯ.

ಹತ್ತನೇ ಶತಮಾನದ ಕೊನೆಗೆ ನಾಗವರ್ಮ ‘ಛಂದೋಂಬುಧಿ’ ಎಂಬ ಛಂದಸ್ಸಿನ ಪುಸ್ತಕ ಬರೆದ. ಹೆಂಡತಿಗೆ ಪಾಠ ಹೇಳುವ ಧಾಟಿ. ಸಾಲಿನ ಎರಡನೇ ಅಕ್ಷರದಲ್ಲಿ ಬರುವ ಆದಿಪ್ರಾಸಕ್ಕೆ ಅವನು ಆರು ಪ್ರಾಣಿಗಳ ಹೆಸರಿಟ್ಟ. ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ. ‘ಮರ’ ಸಿಂಹ, ‘ಮಾರ’ ಆನೆ. ‘ಬಂದ’ ಎಂಬಲ್ಲಿ ಸೊನ್ನೆ ಇದೆಯಲ್ಲ, ಅದು ಎತ್ತು. ಅದೇ ಅಕ್ಷರದ ಒತ್ತಿರುವ ‘ಅಕ್ಕ’ ಕುದುರೆ. ‘ಭಕ್ತ’ ಎಂಬಂಥ ಬೇರೆ ಒತ್ತಿಗೆ ಶರಭ, ಸಿಂಹವನ್ನೇ ಹೊಡೆಯುವ ಪುರಾಣದ ಪ್ರಾಣಿ. ವಿಸರ್ಗಕ್ಕೆ ಆಡು.

ಇಷ್ಟನ್ನೂ ನಾಲ್ಕು ಸಾಲಿನ ಒಂದೇ ಕಂದಪದ್ಯದಲ್ಲಿ ತುಂಬಿದ್ದಾನೆ. ಪ್ರಾಸಾಕ್ಷರ ‘ಜ’. ನಿಜ, ಗಜ, ಅಜ, ಮೂರು ಸಾಲು ಆಯಿತು. ನಾಲ್ಕನೆಯದಕ್ಕೆ? ಹೆಂಡತಿಯನ್ನು ‘ಅಂಬುಜಮುಖಿ’, ತಾವರೆ ಮುಖದವಳೇ, ಎಂದು ಕರೆದ. ಕರೆದವನು ಆ ಮಾತನ್ನೇ ಎರಡು ತುಂಡು ಮಾಡಿದ! ‘ಹಯನಂ’ ಎಂದು ಮೂರನೇ ಸಾಲು ಮುಗಿಯುತ್ತದೆ, ‘ಬುಜಮುಖಿ’ ಎಂದು ನಾಲ್ಕನೆಯದು ಶುರು. ಎಣಿಸಿ ನೋಡಿ, ಕಂದಕ್ಕೆ ಬೇಕಾದಂತೆ ಮೂರನೇ ಸಾಲು ಸರಿಯಾಗಿ 12 ಮಾತ್ರೆ. ಪ್ರಾಸಕ್ಕಾಗಿ ಹೆಂಡತಿಯ ಮುಖವನ್ನೇ ಸೀಳಿದರೂ ಮುದ್ದು ಒಂದಿಷ್ಟೂ ಕಡಿಮೆಯಾಗಿಲ್ಲ. ಪ್ರಸ್ತಾರ ಹಾಕದವರಿಗೆ ಈ ತುಂಟತನ ಕಾಣುವುದೇ ಇಲ್ಲ.

ಆಡಿನದೇ ನನಗೆ ಚಿಂತೆ. ಕನ್ನಡದಲ್ಲಿ ವಿಸರ್ಗದ ಮಾತು ಎಷ್ಟಿವೆ? ಒಮ್ಮೆ ‘ದುಃಖ’ ಎಂದು ಶುರು ಮಾಡಿದ ಕವಿಗೆ ಎರಡನೇ ಸಾಲಿನಲ್ಲೂ ಹೆಚ್ಚುಕಡಿಮೆ ದುಃಖವೇ ಗತಿ.